ವಲಸೆ, ಮುಳುಗಡೆ, ಸ್ಥಳಾಂತರ: ಹಾಸನ–ಚಿಕ್ಕಮಗಳೂರಿನ ವಿದ್ಯಾರ್ಥಿ ಯಾವ ವಿಷಯ ಹಿಡಿಯಬೇಕು?

ಎಂ.ಎ. ವಿದ್ಯಾರ್ಥಿಗಳು ಪ್ರಾಜೆಕ್ಟ್ ವಿಷಯ ಕೊಡಬೇಕಾದ ಹೊತ್ತಿಗೆ ಪ್ರತಿ ವರ್ಷ ನನ್ನ ಫೋನಿಗೆ ಒಂದೇ ಪ್ರಶ್ನೆ ಬರುತ್ತದೆ. "ಮೇಡಂ, ವಲಸೆ ಮೇಲೆ ಏನಾದ್ರೂ ಮಾಡ್ಬೇಕು ಅಂತಿದೀನಿ. ಯಾವ ವಿಷಯ ಹಿಡೀಲಿ?" ಈ ಸಲ ಮೂವರು ಕೇಳಿದರು. ಒಬ್ಬಳು ಆಲೂರು ಕಡೆಯವಳು. ಅವಳ ತಾತನ ಗದ್ದೆ ಹೇಮಾವತಿ ಹಿನ್ನೀರಿನ ಕೆಳಗಿದೆ. ಇನ್ನೊಬ್ಬ ಮೂಡಿಗೆರೆಯವನು. ಅವನ ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮೂರನೆಯವನು ನೆಟ್ ಪರೀಕ್ಷೆ ಪಾಸಾಗಿದ್ದಾನೆ, ಪಿಎಚ್‌ಡಿ ಮಾಡುವ ಹುಮ್ಮಸ್ಸಿದೆ, ಸಿರಿಯಾದ ನಿರಾಶ್ರಿತರ ಬಗ್ಗೆ ತುಂಬಾ ಓದಿಕೊಂಡಿದ್ದಾನೆ. "ನಮ್ ಕಡೆ ಅಂಥದ್ದೇನಿದೆ ಮೇಡಂ?" ಅಂದ.

ಇದೆ. ಬೇಕಾದಷ್ಟಿದೆ. ಅಣೆಕಟ್ಟಿಗೆ ಜಾಗ ಬಿಟ್ಟು ಎದ್ದ ಊರುಗಳಿವೆ. ಹುಲಿ ಕಾಡಿಗೆ ಜಾಗ ಬಿಟ್ಟು ಹೊರಬಂದ ಊರುಗಳಿವೆ. ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರದಿಂದ ಕಾಫಿ ಕೊಯ್ಲಿಗೆ ಬಂದು ಲೈನ್ ಮನೆಯಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಯಲ್ಲಿ, ಮಲಗುವ ಜನರಿದ್ದಾರೆ. ಬೇಲೂರು ತಾಲ್ಲೂಕಿನಿಂದ ಆಫ್ರಿಕಾಕ್ಕೆ ಹೋಗಿ ಎಣ್ಣೆ ಮಾರಿ ಬರುವವರಿದ್ದಾರೆ. ವಿಷಯಕ್ಕೆ ಬರವಿಲ್ಲ, ಆಯ್ಕೆಯೇ ಕಷ್ಟ. ತನಗೆ ಹೊಂದದ ವಿಷಯ ಹಿಡಿದು ಎರಡು ವರ್ಷ ಕಳೆದುಕೊಂಡವರನ್ನು ನೋಡಿದ್ದೇನೆ. ನಾನೂ ಒಂದು ವರ್ಷ ಕಳೆದುಕೊಂಡವಳೇ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಏನು ನೋಡಬೇಕು

ವಿಷಯದ ಹೆಸರಿಗೆ ಮರುಳಾಗುವ ಮೊದಲು ಕೆಲವು ಪ್ರಶ್ನೆ ಕೇಳಿಕೊಳ್ಳಿ. ಮೊದಲನೆಯದು ಭಾಷೆ. ಆ ಜನ ಮನೆಯೊಳಗೆ ಆಡುವ ಮಾತು ನಿಮಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಕಲಿಯಲು ಎಷ್ಟು ದಿನವಿದೆ? ನಡುವೆ ಒಬ್ಬರು ಕೂತು ಅನುವಾದ ಮಾಡಿಕೊಟ್ಟರೆ ಅರ್ಧ ಮಾತು ಅವರ ಬಾಯಲ್ಲೇ ಉಳಿದುಬಿಡುತ್ತದೆ.

ಎರಡನೆಯದು ದಾಖಲೆ. ಕೆಲವು ಸ್ಥಳಾಂತರಗಳಿಗೆ ಗೆಜೆಟ್ ಅಧಿಸೂಚನೆಯಿಂದ ಹಿಡಿದು ಪಹಣಿವರೆಗೆ ಕಾಗದದ ಜಾಡು ಇರುತ್ತದೆ. ಕೆಲವಕ್ಕೆ ಕೂಲಿಯವರನ್ನು ಕರೆತರುವ ಮೇಸ್ತ್ರಿಯ ನೋಟ್‌ಬುಕ್ ಬಿಟ್ಟರೆ ಏನೂ ಇರಲ್ಲ.

ಮೂರನೆಯದು ಬಾಗಿಲು. ಒಳಗೆ ಹೋಗಲು ಯಾರನ್ನು ಕೇಳಬೇಕು? ಊರಿನವರನ್ನಾ, ತೋಟದ ಮಾಲೀಕರನ್ನಾ, ಅರಣ್ಯ ಇಲಾಖೆಯನ್ನಾ? ನಿಮ್ಮನ್ನು ಒಳಗೆ ಬಿಟ್ಟವರು ಯಾರು ಅನ್ನುವುದರ ಮೇಲೆ ನಿಮಗೆ ಸಿಗುವ ಉತ್ತರ ಬದಲಾಗುತ್ತದೆ.

ಕಾಲ ಮತ್ತು ಹಣ ಜೊತೆಜೊತೆಗೇ ಬರುವ ಲೆಕ್ಕ. ಎಂ.ಎ. ಪ್ರಾಜೆಕ್ಟ್‌ಗೆ ಸಿಗುವುದು ಮೂರು ನಾಲ್ಕು ತಿಂಗಳು. ಪಿಎಚ್‌ಡಿಗೆ ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಆರು ವರ್ಷಕ್ಕೆ ತಕ್ಕ ವಿಷಯವನ್ನು ನಾಲ್ಕು ತಿಂಗಳಿಗೆ ಹಿಡಿದರೆ ಬರೀ ಪೀಠಿಕೆ ಬರೆಯುವುದರಲ್ಲೇ ಮುಗಿಯುತ್ತದೆ.

ಕೊನೆಯದನ್ನು ತುಂಬಾ ಜನ ಮರೆಯುತ್ತಾರೆ. ನೀವು ಬರೆದದ್ದರಿಂದ ಆ ಜನರಿಗೆ ತೊಂದರೆ ಆಗುತ್ತದಾ? ಭೂಮಿಯ ತಕರಾರು, ಪೌರತ್ವದ ಅನುಮಾನ, ಪೊಲೀಸರ ಭಯ ಇರುವಲ್ಲಿ ಊರಿನ ಹೆಸರು ಬರೆಯುವುದೂ ಯೋಚಿಸಬೇಕಾದ ವಿಷಯ.

ಇದೆಲ್ಲದರ ಮೇಲೆ ನಾನು ಇನ್ನೊಂದು ಪ್ರಶ್ನೆ ಇಡುತ್ತೇನೆ. ಆ ಜನರ ಹತ್ತಿರ ಮತ್ತೆ ಹೋಗಲು ನಿಮಗೆ ಆಗುತ್ತದಾ? ಮೊದಲ ಭೇಟಿಯಲ್ಲಿ ಜನ ನಿಮಗೆ ಬೇಕಾದ ಉತ್ತರ ಕೊಡುತ್ತಾರೆ. ಮೂರನೇ ಸಲ ಹೋದಾಗ ತಮ್ಮ ಮಾತು ಆಡುತ್ತಾರೆ. ಮೂರನೇ ಸಲ ಹೋಗಲಾಗದ ವಿಷಯ ಎಷ್ಟೇ ದೊಡ್ಡದಿದ್ದರೂ ನಿಮಗೆ ಬೇಡ.

ಪದಗಳ ಬಗ್ಗೆ ಒಂದು ಮಾತು. ಎಲ್ಲವನ್ನೂ ಸುಮ್ನೆ 'ವಲಸೆ' ಎಂದು ಬರೆಯಬೇಡಿ. ಮಳೆ ಕೈಕೊಟ್ಟಾಗ ಉತ್ತರ ಕರ್ನಾಟಕದವರು ಗುಳೆ ಹೋಗುತ್ತಾರೆ. ತುಳುನಾಡಿನವರು ಹಿಂದೆ ಕಾಫಿ ತೋಟದ ಕೆಲಸಕ್ಕೆ ಘಟ್ಟ ಹತ್ತುತ್ತಿದ್ದರು. ಅಣೆಕಟ್ಟಿನವರು ತಮ್ಮನ್ನು ಮುಳುಗಡೆಯವರು ಅನ್ನುತ್ತಾರೆ. ಹಿಡಿದ ಜಮೀನಿಂದ ಬಲವಂತವಾಗಿ ಕಳಿಸಿದರೆ ಅದು ಒಕ್ಕಲೆಬ್ಬಿಸುವುದು. ಒಂದೊಂದು ಪದದಲ್ಲೂ ಯಾರು ಕಳಿಸಿದರು, ಯಾಕೆ ಹೋದರು, ವಾಪಸ್ ಬರುತ್ತಾರಾ ಅನ್ನುವುದು ಅಡಗಿದೆ. ಜನ ಯಾವ ಪದ ಬಳಸುತ್ತಾರೋ ಅದನ್ನೇ ಬರೆದುಕೊಳ್ಳಿ.

ಹೇಮಾವತಿ ಮುಳುಗಡೆ

ಹೇಮಾವತಿ ಹುಟ್ಟುವುದು ಮೂಡಿಗೆರೆ ಸೀಮೆಯ ಬಲ್ಲಾಳರಾಯನ ದುರ್ಗದ ಹತ್ತಿರ. ಅದಕ್ಕೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಜಲಾಶಯ ಹಿಡಿಯುವ ನೀರು ಸುಮಾರು 37 ಟಿಎಂಸಿ. ಊರು, ಗದ್ದೆ ಮುಳುಗಿದ್ದು ಇಲ್ಲಿ. ನಾಲೆಯ ನೀರು ಇಲ್ಲಿಗೂ ಬಂತು, ಮಂಡ್ಯ ತುಮಕೂರಿನ ಕಡೆಗೂ ಹೋಯಿತು. ಕಳೆದುಕೊಂಡವರು ಒಂದು ಕಡೆ, ಪಡೆದವರು ಇನ್ನೊಂದು ಕಡೆ. ಸಂಶೋಧನೆಗೆ ಇದೇ ಒಳ್ಳೆಯ ಆರಂಭ.

ಶೆಟ್ಟಿಹಳ್ಳಿಯ ಚರ್ಚ್ ನಿಮಗೆ ಗೊತ್ತೇ ಇರುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ನೀರು ಇಳಿದಾಗ ಗೋಡೆ, ಕಮಾನು ಕಾಣುತ್ತವೆ. ವಾರಾಂತ್ಯದಲ್ಲಿ ಫೋಟೊ ತೆಗೆಯಲು ಜನವೋ ಜನ. ಆ ಚರ್ಚಿಗೆ ಬರುತ್ತಿದ್ದ ಮನೆಗಳವರು ಎಲ್ಲಿ ಹೋದರು ಎಂದು ಕೇಳುವವರು ಕಡಿಮೆ. ನನ್ನ ಕೆಲಸ ಶುರುವಾಗಿದ್ದು ಆ ಪ್ರಶ್ನೆಯಿಂದ.

ಭಾಷೆಯ ತೊಂದರೆ ಇಲ್ಲ, ಎಲ್ಲ ಕನ್ನಡವೇ. ಹಣದ ತೊಂದರೆಯೂ ಇಲ್ಲ. ಹಾಸನದಿಂದ ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಗೆ ವಾಪಸ್. ಆದರೆ ಕಾಲದ ತೊಂದರೆ ಬೇರೆ ಥರ ಇದೆ. ಮುಳುಗಡೆಯಾದಾಗ ಸಂಸಾರ ನಡೆಸುತ್ತಿದ್ದವರಿಗೆ ಈಗ ಎಪ್ಪತ್ತೈದು, ಎಂಬತ್ತು. ಅವರ ನೆನಪು ಇನ್ನು ಹತ್ತು ವರ್ಷ ಕಾಯುವುದಿಲ್ಲ. ಎಲ್ಲ ವಿಷಯಗಳಲ್ಲಿ ಅವಸರ ಇರುವುದು ಇದಕ್ಕೆ ಮಾತ್ರ.

ಒಂದು ಪುನರ್ವಸತಿ ಊರಿನಲ್ಲಿ ಒಬ್ಬ ಅಜ್ಜಿಯನ್ನು ಕೇಳಿದ್ದೆ, "ಅಜ್ಜಿ, ನಿಮ್ಮೂರು ಯಾವುದು?" ಅವರು ನನ್ನ ಮುಖ ನೋಡಿ, "ಯಾವ್ದು ಹೇಳ್ಲಿ ಮಗಾ? ಈಗಿರೋದಾ, ಮೊದ್ಲಿದ್ದಿದ್ದಾ?" ಅಂದರು. ಆಮೇಲೆ ಒಳಗೆ ಹೋಗಿ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಒಳಗೆ ನಾಲ್ಕು ಮಡಿಕೆಯ, ಭೂಮಿಯ ಪರಿಹಾರ ಬರೆದ ಅವಾರ್ಡ್ ಕಾಗದ. ಮಡಿಕೆ ಇದ್ದ ಕಡೆ ಸವೆದು ತೂತಾಗಿತ್ತು. "ಓದಿ ಹೇಳು. ನಮ್ ಯಜಮಾನ್ರು ಇದ್ದಾಗ ಓದೋರು." ಸರ್ವೆ ನಂಬರ್, ಎಕರೆ, ಗುಂಟೆ, ಬಾವಿ, ಎರಡು ಹಲಸಿನ ಮರ, ಪರಿಹಾರದ ಮೊತ್ತ. ಎಲ್ಲ ಓದಿದೆ. ಅಜ್ಜಿ ಬೆರಳು ಮಡಚಿಕೊಂಡು ಕೇಳುತ್ತಿದ್ದರು. "ಗೋಮಾಳ ಬರ್ದಿಲ್ವಾ? ಹೊಳೆ ದಂಡೆ ಬರ್ದಿಲ್ವಾ? ನಮ್ ದನ ಅಲ್ಲೇ ಮೇಯ್ತಿದ್ವು. ಸೊಪ್ಪು ಅಲ್ಲೇ ಕೀಳ್ತಿದ್ವಿ."

ಬರೆದಿರಲಿಲ್ಲ. ಪಟ್ಟಾ ಜಮೀನಿಗಷ್ಟೇ ಪರಿಹಾರ. ಸಮಾಜಶಾಸ್ತ್ರಜ್ಞ ಮೈಕೆಲ್ ಸರ್ನಿಯಾ ಅವರು ಸ್ಥಳಾಂತರದಿಂದ ಬರುವ ಬಡತನಕ್ಕೆ ಎಂಟು ದಾರಿಗಳನ್ನು ಗುರುತಿಸಿದ್ದಾರೆ. ಭೂಮಿ ಹೋಗುವುದು, ಕೆಲಸ ಹೋಗುವುದು, ಮನೆ ಹೋಗುವುದು, ಸಮಾಜದಲ್ಲಿ ಅಂಚಿಗೆ ಬೀಳುವುದು, ಊಟಕ್ಕೆ ತತ್ವಾರ, ಕಾಯಿಲೆ ಹೆಚ್ಚುವುದು, ಎಲ್ಲರಿಗೂ ಸೇರಿದ ಸಂಪನ್ಮೂಲ ಕೈತಪ್ಪುವುದು, ಊರಿನ ಸಂಬಂಧಗಳು ಒಡೆಯುವುದು. ಏಳನೆಯದನ್ನು ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ. ಅಜ್ಜಿ ಗೋಮಾಳ ಅಂದಾಗ ಅರ್ಥವಾಯಿತು.

ದಾಖಲೆ ಜಾಸ್ತಿ ಇದೆ, ಆದರೆ ಚೆಲ್ಲಾಪಿಲ್ಲಿಯಾಗಿದೆ. ಆಗ ನಡೆದ ಭೂಸ್ವಾಧೀನ 1894ರ ಕಾಯ್ದೆಯ ಪ್ರಕಾರ. 4(1) ಪ್ರಾಥಮಿಕ ಮತ್ತು 6(1) ಅಂತಿಮ ಅಧಿಸೂಚನೆಗಳು ಗೆಜೆಟ್‌ನಲ್ಲಿ ಸಿಗುತ್ತವೆ. ಉಳಿದದ್ದಕ್ಕೆ ತಾಲ್ಲೂಕು ಕಚೇರಿ, ಭೂಸ್ವಾಧೀನ ಕಚೇರಿ ಅಲೆಯಬೇಕು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂಬ ನಿಯಮವಿದೆ. ನನಗೆ ಒಂದು ಕಚೇರಿಯಲ್ಲಿ ಏಳು ತಿಂಗಳು ಹಿಡಿಯಿತು. ಹಾಗಾಗಿ ಅರ್ಜಿಯನ್ನು ಮೊದಲ ವಾರವೇ ಹಾಕಿ.

ಅಪಾಯ ಇರುವುದು ಜಮೀನಿನ ತಕರಾರಿನಲ್ಲಿ. ಮುಳುಗಡೆಯವರ ಹೆಸರಿಗೆ ಮಂಜೂರಾದ ಜಮೀನುಗಳನ್ನು ಇಲ್ಲಿ ಎಚ್‌ಆರ್‌ಪಿ (ಹೇಮಾವತಿ ಜಲಾಶಯ ಯೋಜನೆ) ಜಮೀನು ಅನ್ನುತ್ತಾರೆ. ಅದರ ಸುತ್ತ ವ್ಯಾಜ್ಯ ಬಹಳ. ನೀವು ಸರ್ವೆ ನಂಬರ್ ಕೇಳಿದ ಕೂಡಲೇ ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ನೀವು ಸರ್ಕಾರದ ಕಡೆಯವರಲ್ಲ, ವಕೀಲರ ಕಡೆಯವರೂ ಅಲ್ಲ ಎಂದು ನಂಬಿಸಲು ಸಮಯ ಬೇಕು.

ಇಲ್ಲಿ ಹೊಸದಾಗಿ ಕೇಳಬಹುದಾದ ಪ್ರಶ್ನೆಯೂ ಇದೆ. 2013ರಲ್ಲಿ ಹೊಸ ಭೂಸ್ವಾಧೀನ ಕಾಯ್ದೆ ಬಂತು, 2014ರ ಜನವರಿಯಿಂದ ಜಾರಿಯಾಯಿತು. ಅದರಲ್ಲಿ ಪರಿಹಾರದ ಜೊತೆಗೆ ಪುನರ್ವಸತಿಯೂ ಕಾನೂನಿನ ಭಾಗ. ಸಕಲೇಶಪುರ ಸೀಮೆಯ ಎತ್ತಿನಹೊಳೆ ಯೋಜನೆ ಈ ಕಾಲದ್ದು. ಒಂದೇ ಜಿಲ್ಲೆಯಲ್ಲಿ ಎರಡು ಕಾಲದ ನೀರಿನ ಯೋಜನೆ. ಹೋಲಿಸಿ ನೋಡುವವರಿಗೆ ಪಿಎಚ್‌ಡಿಗೆ ಸಾಕಾಗುವಷ್ಟು ಕೆಲಸ.

ಕಾಫಿ ತೋಟದ ಕೂಲಿ ವಲಸೆ

ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಭಾಗ ಕರ್ನಾಟಕದ್ದು. ಅದರಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನ ಮೂರೇ ಜಿಲ್ಲೆಗಳದ್ದು ದೊಡ್ಡ ಪಾಲು. ಈ ಕಾಫಿಯನ್ನು ಕೊಯ್ದವರು ಯಾರು ಎಂದು ನೋಡುತ್ತಾ ಹೋದರೆ ಒಂದು ಶತಮಾನದ ವಲಸೆ ಚರಿತ್ರೆ ಸಿಗುತ್ತದೆ. ಘಟ್ಟದ ಕೆಳಗಿನವರು ಬಂದರು, ತಮಿಳರು ಬಂದರು, ಬಯಲುಸೀಮೆಯವರು ಬಂದರು. ಈಗ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳ, ಒಡಿಶಾದವರು ಬರುತ್ತಿದ್ದಾರೆ. ಜನ ಹೆಚ್ಚಾಗಿ ಹತ್ತಿರದ ಊರಿಗೇ ಹೋಗುತ್ತಾರೆ ಎಂದು 1885ರಲ್ಲಿ ರಾವೆನ್‌ಸ್ಟೈನ್ ವಲಸೆಯ ನಿಯಮಗಳಲ್ಲಿ ಬರೆದ. ನಮ್ಮ ತೋಟಗಳಲ್ಲಿ ಆ ನಿಯಮ ಎಲ್ಲಿವರೆಗೆ ನಡೆಯಿತು, ಯಾವಾಗ ಮುರಿಯಿತು, ಯಾಕೆ? ನನಗೆ ಇವತ್ತಿಗೂ ತುಂಬಾ ಇಷ್ಟವಾದ ಪ್ರಶ್ನೆ ಇದು.

ಆದರೆ ನಾನು ಒಂದು ವರ್ಷ ಕಳೆದುಕೊಂಡಿದ್ದು ಇಲ್ಲೇ. ಜನವರಿಯಲ್ಲಿ ಒಂದು ಎಸ್ಟೇಟಿಗೆ ಹೋದೆ. ಪ್ರಶ್ನಾವಳಿ ಅಚ್ಚು ಹಾಕಿಸಿಕೊಂಡು ಹೋಗಿದ್ದೆ. ಅರೇಬಿಕಾ ಕೊಯ್ಲು ಮುಗಿಯುತ್ತಾ, ರೊಬಸ್ಟಾ ಶುರುವಾಗುವ ಹೊತ್ತು. ಯಾರಿಗೂ ಪುರುಸೊತ್ತಿಲ್ಲ. ಕಿಲೋ ಲೆಕ್ಕದ ಕೂಲಿ, ನನ್ನ ಜೊತೆ ಕಾಲು ಗಂಟೆ ಮಾತಾಡಿದರೆ ಅಷ್ಟು ದುಡ್ಡು ಹೋಯಿತು. ಸಂಜೆ ತೂಕದ ಹತ್ತಿರ ಸಾಲು ನಿಂತಾಗ ಮಾತಾಡಿಸೋಣ ಅಂದರೆ ತೋಟದ ಸಿಬ್ಬಂದಿ ಪಕ್ಕದಲ್ಲೇ ಇದ್ದರು. "ಊಟ ಹೇಗಿದೆ?" "ಚೆನ್ನಾಗಿದೆ." "ಮನೆ?" "ಚೆನ್ನಾಗಿದೆ." "ಕೂಲಿ?" "ಚೆನ್ನಾಗಿದೆ." ನಲವತ್ತು ಪ್ರಶ್ನಾವಳಿಯಲ್ಲೂ ಅದೇ ಉತ್ತರ. ಮುಂದಿನ ವರ್ಷ ಮತ್ತೆ ಹೋದರೆ ಆ ಲೈನ್‌ನಲ್ಲಿ ಹಳೆಯ ಮುಖ ಒಂದೂ ಇರಲಿಲ್ಲ. ಮೇಸ್ತ್ರಿ ಬದಲಾಗಿದ್ದ, ಜನರೂ ಬದಲಾಗಿದ್ದರು.

ಆ ಸಲ ಒಂದೇ ಒಂದು ನಿಜವಾದ ಮಾತು ಸಿಕ್ಕಿದ್ದು ಲೈನ್ ಮನೆಯ ಹಿಂದೆ, ನಲ್ಲಿಯ ಹತ್ತಿರ. ಒಬ್ಬ ಹುಡುಗಿ ಕೈ ತೊಳೆಯುತ್ತಿದ್ದಳು. ಕಾಫಿ ಹಣ್ಣಿನ ಅಂಟಿಗೆ ಬೆರಳುಗಳೆಲ್ಲ ಕಪ್ಪಾಗಿದ್ದವು, ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ನನ್ನ ಅರ್ಧಂಬರ್ಧ ಹಿಂದಿಯಲ್ಲಿ ಕೇಳಿದೆ. ಊರಿಗೆ ವೀಡಿಯೊ ಕಾಲ್ ಮಾಡುವಾಗ ಕೈ ತೋರಿಸುವುದಿಲ್ಲ, ಅಮ್ಮ ಬೈಯುತ್ತಾಳೆ ಅಂದಳು. ಟೀ ತೋಟದ ಕೆಲಸ ಬಿಡಿಸಬೇಕು ಎಂದೇ ಅಮ್ಮ ಶಾಲೆಗೆ ಕಳಿಸಿದ್ದಳಂತೆ. ಪ್ರಶ್ನಾವಳಿಯಲ್ಲಿ ಇದನ್ನು ಬರೆಯಲು ಜಾಗವೇ ಇರಲಿಲ್ಲ.

ಹಾಗಾಗಿ ಈ ವಿಷಯಕ್ಕೆ ಹಿಂದಿ ಸಾಕಾಗಲ್ಲ ಎಂದು ತಿಳಿದುಕೊಂಡೇ ಬನ್ನಿ. ಬಂಗಾಳಿಯೋ, ಅಸ್ಸಾಮಿಯೋ, ಜಾರ್ಖಂಡ್ ಕಡೆಯ ಸಾದ್ರಿಯೋ ಸ್ವಲ್ಪ ಕಲಿಯಬೇಕು. ಒಂದು ಕೊಯ್ಲಿನ ಕಾಲ, ಅಂದರೆ ನವೆಂಬರ್‌ನಿಂದ ಮಾರ್ಚ್, ತೋಟದ ಹತ್ತಿರದ ಊರಿನಲ್ಲೇ ಇರಬೇಕು. ಆಮೇಲೆ ಅವರ ಊರಿಗೂ ಹೋಗಿ ಬರಬೇಕು. ರೈಲು, ಊಟ, ವಸತಿ ಎಲ್ಲ ಸೇರಿ ಇದು ದುಬಾರಿ ವಿಷಯ. ಫೆಲೋಶಿಪ್ ಇಲ್ಲದೆ ಕೈ ಹಾಕಬೇಡಿ. ಹೆಣ್ಣುಮಕ್ಕಳಿಗೆ ಇಲ್ಲಿ ಒಂದು ಅನುಕೂಲವಿದೆ. ಕೊಯ್ಲಿನಲ್ಲಿ ಹೆಂಗಸರು ಬಹಳ, ಅವರು ನಮ್ಮ ಹತ್ತಿರ ಬೇಗ ಮಾತಾಡುತ್ತಾರೆ.

ದೊಡ್ಡ ಅಂಕಿಅಂಶ ಇದೆ, ಆದರೆ ಅದರಲ್ಲಿ ಈ ಜನ ಸರಿಯಾಗಿ ಸಿಗುವುದಿಲ್ಲ. 2011ರ ಜನಗಣತಿ ಪ್ರಕಾರ ದೇಶದೊಳಗಿನ ವಲಸಿಗರು ಸುಮಾರು 45 ಕೋಟಿ. 2020–21ರ ಕಾರ್ಮಿಕ ಸಮೀಕ್ಷೆ ವಲಸೆಯ ಪ್ರಮಾಣ ಶೇ 28.9 ಅನ್ನುತ್ತದೆ. ಇದರಲ್ಲಿ ದೊಡ್ಡ ಭಾಗ ಮದುವೆಯಾಗಿ ಗಂಡನ ಊರಿಗೆ ಹೋದ ಹೆಂಗಸರು. ನಾಲ್ಕು ತಿಂಗಳು ಲೈನ್‌ನಲ್ಲಿದ್ದು ವಾಪಸ್ ಹೋಗುವವರು ಇಂಥ ಲೆಕ್ಕಗಳಿಂದ ಸುಲಭವಾಗಿ ಜಾರಿಹೋಗುತ್ತಾರೆ. ಕಾನೂನಿನ ಕಡೆಯಿಂದ ನೋಡುವವರಿಗೆ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ, 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಎರಡನ್ನೂ ಓದಲೇಬೇಕು. ಅವು ಈಗ ಹೊಸ ಕಾರ್ಮಿಕ ಸಂಹಿತೆಗಳೊಳಗೆ ಸೇರಿವೆ. ಕಾಗದದಲ್ಲಿ ಬದಲಾದದ್ದು ಲೈನ್ ಮನೆಯಲ್ಲಿ ಎಷ್ಟು ಬದಲಾಯಿತು ಎಂದು ನೋಡುವುದಕ್ಕೆ ಇದು ಸರಿಯಾದ ಹೊತ್ತು.

ಅಪಾಯದ ಮಾತು. ಬಂಗಾಳಿ ಮಾತಾಡುವ ಕೂಲಿಯವರನ್ನು ಕಂಡರೆ 'ಬಾಂಗ್ಲಾದವರು' ಅನ್ನುವ ಅನುಮಾನ ಇಲ್ಲಿ ಬೇಗ ಹಬ್ಬುತ್ತದೆ. ಯಾರ ಆಧಾರ್ ಕಾರ್ಡನ್ನೂ ನೋಡಲು ಕೇಳಬೇಡಿ. ತೋಟದ ಹೆಸರು, ಊರಿನ ಹೆಸರು ಬದಲಿಸಿ ಬರೆಯಿರಿ. ನಿಮ್ಮ ನೋಟ್‌ಬುಕ್ ಬೇರೆಯವರ ಕೈಗೆ ಸಿಕ್ಕರೂ ಯಾರಿಗೂ ತೊಂದರೆಯಾಗಬಾರದು.

ಭದ್ರಾ ಕಾಡಿನಿಂದ ಹೊರಬಂದವರು

ಇದು ಚಿಕ್ಕಮಗಳೂರಿನವರಿಗೆ ಹತ್ತಿರದ ವಿಷಯ. ಮುತ್ತೋಡಿ, ಲಕ್ಕವಳ್ಳಿ ಸೇರಿದ ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದರೊಳಗಿನ 11 ಹಳ್ಳಿಗಳ 419 ಕುಟುಂಬಗಳನ್ನು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಸ್ಥಳಾಂತರಿಸಿದರು. 2002ರ ಹೊತ್ತಿಗೆ ಅದು ಮುಗಿಯಿತು. ವನ್ಯಜೀವಿ ವಿಜ್ಞಾನಿ ಕೃತಿ ಕಾರಂತ ಇದರ ಬಗ್ಗೆ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ದೇಶದಲ್ಲಿ ತಕ್ಕಮಟ್ಟಿಗೆ ಚೆನ್ನಾಗಿ ನಡೆದ ಸ್ಥಳಾಂತರ ಎಂದು ಭದ್ರಾದ ಹೆಸರನ್ನು ಹೇಳುತ್ತಾರೆ.

"ಚೆನ್ನಾಗಿ ನಡೆದದ್ದರ ಮೇಲೆ ಏನು ಬರೆಯುವುದು?" ಎಂದು ನನ್ನ ವಿದ್ಯಾರ್ಥಿನಿ ಕೇಳಿದ್ದಳು. ಬರೆಯಲು ಬೇಕಾದಷ್ಟಿದೆ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಮೂವತ್ತು ದಾಟಿದೆ. ರಸ್ತೆ, ಶಾಲೆ, ಆಸ್ಪತ್ರೆ ಹತ್ತಿರ ಬಂತು. ಕೊಟ್ಟ ಜಮೀನು ಅಣ್ಣತಮ್ಮಂದಿರಲ್ಲಿ ಭಾಗವಾದಾಗ ಏನಾಯಿತು? ಮಕ್ಕಳು ಬೆಂಗಳೂರಿಗೆ ಹೋದರಾ? ಕಾಡಿನ ದೇವರಿಗೆ ಈಗಲೂ ವರ್ಷಕ್ಕೊಮ್ಮೆ ಹೋಗಿ ಬರುತ್ತಾರಾ? ಎರಡನೇ ತಲೆಮಾರಿನ ಕಥೆ ಹೇಳಬೇಕಾದವರು ನೀವೇ. ಕನ್ನಡ ಸಾಕು, ಹಣ ಹೆಚ್ಚು ಬೇಡ, ಮನೆಗಳು ಎರಡೇ ಕಡೆ ಇವೆ, ಎಂ.ಎ.ಯವರೂ ಮಾಡಬಹುದು. ಕಾಡಿನೊಳಗಿನ ಹಳೆಯ ಊರಿನ ಜಾಗ ನೋಡಬೇಕಾದರೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ಅಲೆದಾಟವಿದೆ.

ಪಿಎಚ್‌ಡಿಯವರು ಇದರ ಜೊತೆ ಕುದುರೆಮುಖವನ್ನು ಇಟ್ಟು ನೋಡಬಹುದು. ಅದು 1987ರಿಂದ ರಾಷ್ಟ್ರೀಯ ಉದ್ಯಾನ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತಿತು. ನಾನಾ ಕಡೆಯಿಂದ ಬಂದು ನೆಲೆಸಿದ್ದ ಗಣಿ ನೌಕರರ ಟೌನ್‌ಶಿಪ್ ಖಾಲಿಯಾಗುತ್ತಾ ಬಂತು. ಅಲ್ಲಿ ಹುಟ್ಟಿ ಬೆಳೆದವರಿಗೆ ಅದೇ ಊರು. ಅವರನ್ನು ಯಾರೂ ಮುಳುಗಡೆಯವರು, ಸಂತ್ರಸ್ತರು ಅನ್ನುವುದಿಲ್ಲ. ಊರು ಮಾತ್ರ ಹೋಯಿತು.

ಅಂಗಡಿಹಳ್ಳಿಯ ಹಕ್ಕಿಪಿಕ್ಕಿಗಳು

ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಬುಡಕಟ್ಟಿನವರ ಕಾಲೊನಿ ಇದೆ. ಮನೆಯ ಮಾತು ವಾಗ್ರಿ, ಗುಜರಾತಿಗೆ ಹತ್ತಿರದ ಭಾಷೆ. ಹೊರಗೆ ಕನ್ನಡ, ವ್ಯಾಪಾರಕ್ಕೆ ಇನ್ನೂ ಮೂರ್ನಾಲ್ಕು ಭಾಷೆ. ಹಕ್ಕಿ ಹಿಡಿದು ಬದುಕುತ್ತಿದ್ದವರಿಗೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ದಾರಿ ಮುಚ್ಚಿತು. ಮಣಿಸರ, ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರುವುದು ದೊಡ್ಡದಾಯಿತು. ಈಗ ಆಫ್ರಿಕಾದ ದೇಶಗಳವರೆಗೆ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕಿಕೊಂಡಿದ್ದು, 'ಆಪರೇಷನ್ ಕಾವೇರಿ'ಯಲ್ಲಿ ಭಾರತೀಯರನ್ನು ಕರೆತಂದಿದ್ದು ನಿಮಗೆ ನೆನಪಿರಬಹುದು.

ಅಂತರರಾಷ್ಟ್ರೀಯ ವಲಸೆ ಅಂದರೆ ಐಟಿ, ಗಲ್ಫ್ ಎಂದು ಮಾತ್ರ ಓದಿಕೊಂಡವರಿಗೆ ಇದು ಕಣ್ಣು ತೆರೆಸುವ ವಿಷಯ. ಇಲ್ಲಿ ಏಜೆನ್ಸಿಗಿಂತ ನೆಂಟರ ಬಲ ದೊಡ್ಡದು. ಮೊದಲು ಹೋಗಿ ಬಂದವರ ಕೈ ಹಿಡಿದು ಉಳಿದವರು ಹೋಗುತ್ತಾರೆ. ಸಾಲ ಯಾರು ಕೊಡುತ್ತಾರೆ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಬಂದ ದುಡ್ಡಿನಿಂದ ಮನೆ ಹೇಗೆ ಬದಲಾಯಿತು, ಎಲ್ಲವೂ ಪ್ರಶ್ನೆಯೇ.

ಆದರೆ ಈ ಸಮುದಾಯದ ಬಗ್ಗೆ ಹೊರಗಿನವರು ಬರೆದದ್ದರಲ್ಲಿ ಕುತೂಹಲವೇ ಹೆಚ್ಚು, ಗೌರವ ಕಡಿಮೆ. ಕ್ಯಾಮೆರಾ ಹಿಡಿದು ಬಂದು ಹೋದವರನ್ನು ಅವರು ತುಂಬಾ ನೋಡಿದ್ದಾರೆ. ನೀವೂ ಅವರಲ್ಲೊಬ್ಬರಾಗಬೇಡಿ. ವಾಗ್ರಿ ಕಲಿಯಲು ತಯಾರಿಲ್ಲದಿದ್ದರೆ, ಒಂದು ವರ್ಷವಾದರೂ ಬಂದು ಹೋಗಲು ಆಗದಿದ್ದರೆ ಈ ವಿಷಯ ಬಿಟ್ಟುಬಿಡಿ. ಆ ಸಮುದಾಯದ ಹುಡುಗನೋ ಹುಡುಗಿಯೋ ಇದನ್ನು ಓದುತ್ತಿದ್ದರೆ, ಇದು ನಿಮ್ಮ ವಿಷಯ. ನಿಮಗಿಂತ ಚೆನ್ನಾಗಿ ಬೇರೆಯವರು ಬರೆಯಲಾರರು.

ಬೈಲುಕುಪ್ಪೆ

ತುಂಬಾ ಜನ ಮೊದಲು ಹೇಳುವ ಹೆಸರು ಇದೇ. 1959ರ ನಂತರ ಬಂದ ಟಿಬೆಟನ್ನರಿಗೆ ಆಗಿನ ಮೈಸೂರು ಸರ್ಕಾರ ಇಲ್ಲಿ ಜಾಗ ಕೊಟ್ಟಿತು. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಗಿದ್ದೂ ಇಷ್ಟು ದೊಡ್ಡ ನೆಲೆ ಬೆಳೆದದ್ದು ಹೇಗೆ ಅನ್ನುವುದು ಒಳ್ಳೆಯ ಪ್ರಶ್ನೆ. ಆದರೆ ಅದು ಮೈಸೂರು ಜಿಲ್ಲೆಯಲ್ಲಿದೆ, ಈಗಾಗಲೇ ತುಂಬಾ ಅಧ್ಯಯನವಾಗಿದೆ, ಟಿಬೆಟನ್ ಭಾಷೆ ಬೇಕು. ಹೊಸದೇನಾದರೂ ಹೇಳಬೇಕಾದರೆ ಪಕ್ಕದ ಕನ್ನಡ ರೈತರು ಮತ್ತು ಟಿಬೆಟನ್ನರ ನಡುವಿನ ಜಮೀನು ಗುತ್ತಿಗೆ, ಕೂಲಿ, ಸ್ನೇಹ, ಜಗಳ ನೋಡಿ. ಆ ಅರ್ಧ ಕನ್ನಡದಲ್ಲೇ ಸಿಗುತ್ತದೆ.

ಎಲ್ಲಿ ಸೇರಿಕೊಳ್ಳುವುದು

ಇದರ ಬಗ್ಗೆ ಚುಟುಕಾಗಿ. ಹಾಸನದವರಿಗೆ ಹೇಮಗಂಗೋತ್ರಿ ಕ್ಯಾಂಪಸ್, ಮೈಸೂರು ವಿಶ್ವವಿದ್ಯಾಲಯ ಹತ್ತಿರ. ಚಿಕ್ಕಮಗಳೂರಿನವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಮನೆಯಿಂದ ಓಡಾಡಬಹುದು, ಕ್ಷೇತ್ರ ಹತ್ತಿರ, ಖರ್ಚು ಕಡಿಮೆ. ನಿಮ್ಮ ಬಲ ಕನ್ನಡವಾದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನು ನೋಡಿ. ಮುಳುಗಡೆಯವರ ಮಾತನ್ನು ಅವರದೇ ಭಾಷೆಯಲ್ಲಿ ಬರೆಯುವುದು ಯಾವ ರೀತಿಯಲ್ಲೂ ಕಡಿಮೆಯ ಕೆಲಸವಲ್ಲ.

ಅಂಕಿಅಂಶ ಇಷ್ಟಪಡುವವರಿಗೆ ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ, ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಒಳ್ಳೆಯವು. ತಿರುವನಂತಪುರದ ಸಂಸ್ಥೆ 1998ರಲ್ಲಿ ಕೇರಳ ವಲಸೆ ಸಮೀಕ್ಷೆ ಶುರು ಮಾಡಿತು. ಕಾಫಿ ತೋಟದ ವಿಷಯ ಹಿಡಿಯುವವರಿಗೆ ಅಂಥ ಸಮೀಕ್ಷೆಯ ತರಬೇತಿ ಬಹಳ ಉಪಯೋಗ. ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ), ಮುಂಬೈಯ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಎರಡರಲ್ಲೂ ಒಳ್ಳೆಯ ಗ್ರಂಥಾಲಯ, ಒಳ್ಳೆಯ ಚರ್ಚೆ ಸಿಗುತ್ತದೆ. ಆಕ್ಸ್‌ಫರ್ಡ್‌ನಲ್ಲಿ 1982ರಿಂದ ನಿರಾಶ್ರಿತರ ಅಧ್ಯಯನ ಕೇಂದ್ರವಿದೆ. ವಿದ್ಯಾರ್ಥಿವೇತನ ಕೈಗೆ ಬಂದರೆ ಮಾತ್ರ ಹೋಗಿ. ಸಾಲ ಮಾಡಿ ಹೋಗುವುದನ್ನು ನಾನು ಒಪ್ಪುವುದಿಲ್ಲ.

ನೆಟ್ ಜೊತೆ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಅದು ಇದ್ದರೆ ಕಾಫಿ ತೋಟದ ವಿಷಯಕ್ಕೆ ಧೈರ್ಯವಾಗಿ ಇಳಿಯಬಹುದು. ಇಲ್ಲದಿದ್ದರೆ ಹೇಮಾವತಿಯೋ ಭದ್ರಾವೋ ಒಳ್ಳೆಯದು. ವಿಶ್ವವಿದ್ಯಾಲಯದ ಹೆಸರಿಗಿಂತ ಗೈಡ್ ಮುಖ್ಯ. ನಿಮ್ಮ ಕ್ಷೇತ್ರಕ್ಕೆ ಒಮ್ಮೆಯಾದರೂ ಬರುತ್ತಾರಾ ಎಂದು ಸೇರುವ ಮೊದಲೇ ಕೇಳಿ. ಬರುತ್ತೇನೆ ಅನ್ನುವವರ ಹತ್ತಿರ ಸೇರಿಕೊಳ್ಳಿ.

ಯಾವ ವಿಷಯ ಹಿಡಿದರೂ ಟಿಪ್ಪಣಿಗಳನ್ನು ಮೂರು ಕಡೆ ಇಡಿ. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಕ್ಷೇತ್ರಕಾರ್ಯ ಮಾಡಿದ್ದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಜೋಡಿಸಿಟ್ಟಿದ್ದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಹೋದವು. ಅವರು ಆ ಹಳ್ಳಿಯ ಪುಸ್ತಕವನ್ನು ನೆನಪಿನಿಂದ ಬರೆದರು. ನಾವು ಪೆನ್‌ಡ್ರೈವ್ ಇಟ್ಟುಕೊಳ್ಳೋಣ.

ನನ್ನನ್ನು ಕೇಳಿದ ಮೂವರಿಗೆ ಹೇಳಿದ್ದು ಇಷ್ಟು. ಮೂಡಿಗೆರೆಯವನಿಗೆ, ಅಪ್ಪ ಕೆಲಸ ಮಾಡುವ ತೋಟ ಬೇಡ ಅಂದೆ. ರೈಟರ್ ಮಗನ ಮುಂದೆ ಯಾರೂ ಬಾಯಿ ಬಿಡಲ್ಲ. ಈಗ ಅವನು ಭದ್ರಾ ಕಡೆ ನೋಡುತ್ತಿದ್ದಾನೆ. ನೆಟ್ ಪಾಸಾದವನು ಇನ್ನೂ ನಿರ್ಧರಿಸಿಲ್ಲ. ನೋಟ್‌ಬುಕ್ ಇಲ್ಲದೆ ನಾಲ್ಕು ದಿನ ಅಂಗಡಿಹಳ್ಳಿಗೆ ಹೋಗಿ ಬಾ ಅಂದಿದ್ದೇನೆ. ಆಲೂರಿನವಳು ಮಾಹಿತಿ ಹಕ್ಕಿನ ಅರ್ಜಿ ಹಾಕಿಯಾಗಿದೆ. ಮೇ ತಿಂಗಳಲ್ಲಿ ಹಿನ್ನೀರು ತೀರಾ ಇಳಿದಾಗ ತಾತನ ಗದ್ದೆಯ ಬದು ಎದ್ದು ಕಾಣುತ್ತದಂತೆ. ಅಪ್ಪನನ್ನು ಕರೆದುಕೊಂಡು ಹೋಗಿ, ಯಾವ ಬದು ಯಾರದ್ದು ಎಂದು ಕಾಗದದ ಮೇಲೆ ಗೆರೆ ಹಾಕಿಸಿಕೊಂಡು ಬರುತ್ತೇನೆ ಅಂದಿದ್ದಾಳೆ.